ನಿರುಪಮಾಳ ಮೊದಲ ಪರೀಕ್ಷೆ

ಪ್ರಾಣಿಗಳ ಮೇಲೆ ಔಷಧಿ ಪರೀಕ್ಷಿಸುವುದು ನಿಂತು ಹನ್ನೆರಡು ವರ್ಷಗಳಾಗಿದ್ದವು. ತರಬೇತಿಗೆ ಬಂದ ಹೊಸ ವಿಜ್ಞಾನಿಗಳು ಮೊದಲ ಪಾಠವನ್ನು ತಮ್ಮದೇ ಹೃದಯದ ಮೇಲೆ ಕಲಿಯಬೇಕಿತ್ತು. ನಿರುಪಮಾ ಕೊಟ್ಟಿದ್ದ ಚೂರು ಚರ್ಮದಿಂದ ಬೆಳೆಸಿದ ಹೃದಯದ ತುಣುಕು, ಗಾಜಿನ ಬಟ್ಟಲಲ್ಲಿ ಅಕ್ಕಿಕಾಳಿನಷ್ಟಾಗಿ ಮಿಡಿಯುತ್ತಿತ್ತು. ಅವತ್ತು ಪರೀಕ್ಷೆಗೆ ಕೊಟ್ಟಿದ್ದು, ಊರೂರಲ್ಲಿ ಹಬ್ಬಿದ್ದ ಜ್ವರಕ್ಕೆ ಎಲ್ಲರೂ ನುಂಗುವ ಮಾತ್ರೆ.

ಉಳಿದವರ ತುಣುಕುಗಳು ಏನೂ ಆಗದಂತೆ ಮಿಡಿದವು. ನಿರುಪಮಾಳದ್ದು ಮಾತ್ರೆ ಕರಗಿಸಿದ ನೀರಿನ ಮೊದಲ ಹನಿಗೇ ತಡವರಿಸಿ ನಿಂತಿತು. ತನ್ನವೇ ಇನ್ನೆರಡು ತುಣುಕು ತಂದು ನೋಡಿದಳು. ಅವೂ ನಿಂತವು.

"ಇದು ಹುಟ್ಟಿನಿಂದ ಬಂದ ದೋಷ," ಎಂದರು ಪಾಠ ಹೇಳುವ ಶಂಶಾದ್ ಮೇಡಂ. "ತಾಯಿ ಕಡೆಯಿಂದ ಬರತದ. ನಿಮ್ಮವ್ವಗ ಈಗಲೇ ಫೋನ್ ಮಾಡು."

ಫೋನ್ ಕೈಗೆತ್ತಿಕೊಂಡ ನಿರುಪಮಾ ಮತ್ತೆ ಕೆಳಗಿಟ್ಟಳು. ತಂಗಿ ಮಂದಾಕಿನಿ ಒಂಬತ್ತನೇ ವಯಸ್ಸಿಗೆ ಇದೇ ಜ್ವರದಲ್ಲಿ ತೀರಿಕೊಂಡಿದ್ದಳು. ಮಾತ್ರೆ ಕೊಡಲು ತಡಮಾಡಿದೆ, ಅದಕ್ಕೇ ಮಗು ಹೋಯಿತು ಎಂದು ಅವ್ವ ಇವತ್ತಿಗೂ ಅಳುತ್ತಿದ್ದಳು. ಆದರೆ ಅವ್ವನಿಗೂ ಜ್ವರ ಬಂದರೆ? ಸುಮ್ಮನಿರುವಂತಿರಲಿಲ್ಲ. ಫೋನ್ ಮಾಡಿದಳು.

"ಅವ್ವಾ, ಜ್ವರದ ಆ ಮಾತ್ರೆ ನೀ ಎಂದೂ ನುಂಗಬ್ಯಾಡ. ನಮ್ಮ ಮನಿತನದ ಹೃದಯಕ್ಕ ಅದು ಆಗಿಬರೂದಿಲ್ಲ."



"ಅಂದ್ರ, ನಮ್ಮ ಮಂದಾಗೂ?" ಎಂದು ಕೇಳಿದಳು ಅವ್ವ.

ಇಲ್ಲ ಎನ್ನಬೇಕೆಂದುಕೊಂಡಳು ನಿರುಪಮಾ.

"ಒಂದು ಮಾತ್ರೆಗೆ ಜ್ವರ ಇಳೀಲಿಲ್ಲಂತ," ಎಂದಳು ಅವ್ವ ಮೆಲ್ಲಗೆ, "ನಾನೇ ಇನ್ನೊಂದು ಕೊಟ್ಟಿದ್ದೆನಲ್ಲ."