ಸಿರಿಲ್ ಬಿಟ್ಟುಕೊಟ್ಟ ಮೂಲೆ

ಕಪ್ಪು ಕೋಟಿನ ಹೆಂಗಸು ಬೆಂಚಿನ ಮೆತ್ತೆಯನ್ನು ಒತ್ತಿ ನೋಡಿದಳು. ಆಮೇಲೆ ಬೆರಳನ್ನು ಮೂಗಿಗೆ ಹಿಡಿದಳು. ಸಿರಿಲ್‌ಗೆ ಮೈಯೆಲ್ಲ ಉರಿದುಹೋಯಿತು. ಅವನಿನ್ನೂ ಅದೇ ಬೆಂಚಿನ ಮೇಲೆ ಕೂತಿದ್ದ.

“ಏನಮ್ಮಾ, ನನ್ನನ್ನೂ ಮೂಸಿ ನೋಡ್ತೀಯಾ?” ಎಂದು ಕೇಳುವವನಿದ್ದ. ಅಷ್ಟರಲ್ಲಿ ಪಬ್ಬಿನ ಮಾಲೀಕ ಜಗ್ತಾರ್ ಬಂದು ಅವನ ರಟ್ಟೆ ಹಿಡಿದು ಕೌಂಟರಿನ ಹತ್ತಿರ ಎಳೆದುಕೊಂಡು ಹೋದ.

“‘ವರ್ಷದ ಅತ್ಯುತ್ತಮ ಪಬ್’ ಸ್ಪರ್ಧೆಯವಳು ಕಣೋ. ಗುಟ್ಟಾಗಿ ಬಂದು ಪರೀಕ್ಷೆ ಮಾಡ್ತಾರೆ. ಬಾಯಿ ಮುಚ್ಕೊಂಡಿರು ಮಾರಾಯ.”

“ಅವಳು ನನ್ನ ಜಾಗದ ಮೇಲೆ ಕಣ್ಣು ಹಾಕಿದಾಳೆ.”

“ನಿನ್ನ ಜಾಗ ಯಾರಿಗೆ ಬೇಕು? ಮೂವತ್ತು ವರ್ಷದಿಂದ ಮೊಟ್ಟೆಗೆ ಕೂತ ಕೋಳಿ ಹಾಗೆ ಕೂತಿದೀಯ.”

ಬರ್ಮಿಂಗ್‌ಹ್ಯಾಮ್‌ನ ಆ ಕೇರಿಯಲ್ಲಿ ‘ಪೆಲಿಕನ್’ ಪಬ್ಬಿನಷ್ಟು ದೊಡ್ಡ ಕಟ್ಟಡ ಇನ್ನೊಂದಿಲ್ಲ. ಹಸಿರು ಟೈಲ್ಸ್ ಹೊದಿಸಿದ ಗೋಡೆ, ಕೋಣೆಯೊಳಗೆ ಕೋಣೆ, ಮಹಡಿಯ ಮೇಲೆ ಸಭಾಂಗಣ. ಮೂತ್ರಕ್ಕೆಂದು ಎದ್ದವರು ದಾರಿ ತಪ್ಪಿ, ಯಾರದೋ ಮದುವೆಯ ಊಟ ಮುಗಿಸಿ ಬಂದದ್ದುಂಟು. ಇಷ್ಟು ದೊಡ್ಡ ಅರಮನೆಯಲ್ಲಿ ಚಳಿಗಾಲಕ್ಕೆ ಬೆಚ್ಚಗಿರುವ ಜಾಗ ಮಾತ್ರ ಒಂದೇ, ಹಿಂದಿನ ಕೋಣೆಯ ಬೆಂಕಿಗೂಡಿನ ಪಕ್ಕದ ಮೂಲೆ. ಅದು ಸಿರಿಲ್‌ದು. ಹೆಂಡತಿ ತೀರಿಹೋದ ಮೇಲೆ ಅವನಿಗೆ ತನ್ನದು ಅಂತ ಉಳಿದಿದ್ದು ಅದೊಂದೇ.

ಅವನಿಗಿಂತ ಮೊದಲು ಆ ಮೂಲೆ ಎರ್ನಿಯದಾಗಿತ್ತು. ಎರ್ನಿ ಸತ್ತರೂ ದೂರ ಹೋಗಿರಲಿಲ್ಲ. ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ, ಒಂದು ತಗಡಿನ ಡಬ್ಬಿಯಲ್ಲಿ ಬೂದಿಯಾಗಿ ಕೂತಿದ್ದ. ಅದು ಅವನ ಕೊನೆಯ ಆಸೆ. ಯಾರಿಗೂ ಅದು ವಿಚಿತ್ರ ಅನಿಸಿರಲಿಲ್ಲ. ಕ್ರಿಸ್‌ಮಸ್ ದಿನ ಮುಚ್ಚಳದ ಮೇಲೆ ಎರಡು ಹನಿ ಬಿಯರ್ ಚಿಮುಕಿಸುತ್ತಿದ್ದರು.

ಹೆಂಗಸು ಕೋಣೆ ಕೋಣೆ ತಿರುಗಿದಳು. ಕಿಟಕಿಯ ಸಂದಿಗೆ ಅಂಗೈ ಒಡ್ಡಿದಳು. ಬಿಯರನ್ನು ಬೆಳಕಿಗೆ ಹಿಡಿದು ನೋಡಿದಳು. ಜಗ್ತಾರ್ ತಂದಿಟ್ಟ ಹೊಗೆಯಾಡುವ ಕಬಾಬಿನ ತಟ್ಟೆಯಿಂದ ಒಂದು ಚೂರು ತಿಂದು, “ಪರವಾಗಿಲ್ಲ” ಎಂದಳು. ಜಗ್ತಾರ್‌ನ ಜೀವ ಹೋಗಿ ಬಂದಂತಾಯಿತು. ಕೊನೆಗೆ ಅವಳು ಬೆಂಕಿಗೂಡಿನ ಮುಂದೆ ನಿಂತು, ಹಲಗೆಯ ಮೇಲಿನ ಡಬ್ಬಿಯಲ್ಲಿ ಏನಿದೆಯೆಂದು ಕೇಳಿದಳು.

“ಎರ್ನಿ,” ಎಂದ ಸಿರಿಲ್. ಮತ್ತೆ ಮೂಲೆಗೆ ಬಂದು ಭದ್ರವಾಗಿ ಕೂತಿದ್ದ.

“ಹಾಗಾದ್ರೆ ನಿಮ್ಮಲ್ಲಿ ಬಂದೋರನ್ನ ಬಿಟ್ಟುಕೊಡಲ್ಲ ಅನ್ನಿ.” ಅವಳ ಮುಖ ಮೊದಲ ಸಲ ಸಡಿಲವಾಯಿತು. “ನನ್ನ ಹೆಸರು ಲೊರೇನ್. ನಮ್ಮ ಕ್ಲಿಫ್‌ಗೊಂದು ಜಾಗ ಹುಡುಕ್ತಾ ಇದೀನಿ.”

ಜಗ್ತಾರ್‌ನ ಕೈಯಲ್ಲಿದ್ದ ಬಟ್ಟೆ ಗ್ಲಾಸಿನೊಳಗೇ ನಿಂತಿತು.

“ಹೋದ ಶುಕ್ರವಾರ ಎಲ್ಲ ಮುಗೀತು,” ಎಂದಳು ಲೊರೇನ್. “ಹೂವು ತಂದಿದ್ರು. ಭಾಷಣ ಮಾಡಿದ್ರು. ಅವನನ್ನ ಕಂಡ್ರೆ ಆಗದೇ ಇದ್ದೋರೂ ಕಣ್ಣೊರೆಸ್ಕೊಂಡ್ರು. ನಮ್ಮೋನಿಗೆ ಇಷ್ಟು ಮರ್ಯಾದೆ ಇದೆ ಅಂತ ನಂಗೇ ಗೊತ್ತಿರಲಿಲ್ಲ.”

“ಈಗ...” ಎಂದ ಸಿರಿಲ್. ಮುಂದೆ ಕೇಳಲು ನಾಲಿಗೆ ಏಳಲಿಲ್ಲ. ಅಲ್ಲಿ ಯಾರೂ ಅಂಥದ್ದನ್ನು ಬಾಯಿಬಿಟ್ಟು ಕೇಳುವವರಲ್ಲ. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಹವಾಮಾನದ ಮಾತಾಡಿ ಆಮೇಲೆ ನೀರು ಕೇಳುವ ಜನ. ಅಲ್ಲೇ ಹುಟ್ಟಿ ಬೆಳೆದ ಜಗ್ತಾರ್‌ಗೂ ಅದೇ ರೋಗ ಅಂಟಿತ್ತು.

“ಈಗ ಮನೇಲಿದಾನೆ, ಮುಂದಿನ ಕೋಣೇಲಿ. ಧೂಳು ಹೊಡೆಯೋಕೆ ಹೋದ್ರೆ ಅಡ್ಡ ಇರ್ತಾನೆ. ತಿರುಗಿ ನೋಡಿದ್ರೆ ಅವನೇ. ನಂಗಾಗ್ತಿಲ್ಲ.” ಅವಳು ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದಳು. “ಬೇರೆ ಪಬ್ಬುಗಳನ್ನೂ ನೋಡಿದೆ. ಒಂದರಲ್ಲಿ ಟಿವಿ ಕಿರುಚತ್ತೆ. ಇನ್ನೊಂದು ಇವತ್ತೋ ನಾಳೆಯೋ ಮುಚ್ಚೋ ಹಾಗಿದೆ. ನಾನು ಒಂದು ಸಲ ಅವನನ್ನ ಬಿಟ್ಟುಹೋದ ಮೇಲೆ ಆಗಲ್ಲ ಅಂತ ವಾಪಸ್ ಕಳಿಸಬಾರದು ನೋಡಿ.”

“ಕಳಿಸೋದಾ!” ಜಗ್ತಾರ್ ಸ್ಪರ್ಧೆಯನ್ನು ಮರೆತೇಬಿಟ್ಟಿದ್ದ. “ಇದು ಅವನ ಮನೆ ಅಂದ್ಕೊಳ್ಳಿ ತಾಯಿ.”

“ಈ ಮೂಲೆ ಚೆನ್ನಾಗಿತ್ತು. ಆದ್ರೆ ಇವರು ಕೂತಿದಾರೆ.”

ಎಲ್ಲರೂ ಸಿರಿಲ್‌ನತ್ತ ನೋಡಿದರು. ಸಿರಿಲ್‌ಗೆ ನಿಜವಾಗಿಯೂ ದುಃಖವಾಯಿತು. ಹೆಂಡತಿಯನ್ನು ಕಳಿಸಿಕೊಟ್ಟ ದಿನ ನೆನಪಾಗಿ ಕಣ್ಣು ತುಂಬಿತು. ಜೊತೆಗೆ, ದುಃಖದ ನಡುವೆಯೂ, ಸಣ್ಣದೊಂದು ಲೆಕ್ಕ ಹಾಕಿದ. ಬೂದಿ ಎಂದರೆ ಎಷ್ಟು? ಒಂದು ಡಬ್ಬಿ. ಎರ್ನಿಯ ಪಕ್ಕ ಹಲಗೆಯ ಮೇಲೆ ಇಟ್ಟರಾಯಿತು. ಹೆಸರಿಗೆ ಮೂಲೆ ಕ್ಲಿಫ್‌ದು, ಕೂರುವವನು ತಾನೇ. ಇಷ್ಟು ಅಗ್ಗಕ್ಕೆ ದೊಡ್ಡ ಮನುಷ್ಯನಾಗುವ ಅವಕಾಶ ಮತ್ತೆ ಸಿಗುವುದಿಲ್ಲ.

ಗ್ಲಾಸು ಎತ್ತಿ ಎದ್ದು ನಿಂತ. ಪೆಲಿಕನ್‌ನಲ್ಲಿ ಎಲ್ಲರ ಎದುರು ಗ್ಲಾಸು ಎತ್ತಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವನು ಮತ್ತೆ ಆ ಬಾಗಿಲು ತುಳಿಯುವಂತಿಲ್ಲ. ಹಾಗೆ ಹೋದವರು ಈಗಲೂ ಎದುರಿನ ಹಾಳು ಪಬ್ಬಿನಲ್ಲಿ ನೀರು ಬಿಯರ್ ಕುಡಿಯುತ್ತಿದ್ದಾರೆ.

“ಕೇಳ್ರಪ್ಪಾ. ಇವತ್ತಿಂದ ಈ ಮೂಲೆ ಕ್ಲಿಫ್‌ದು. ನಾನಿರೋ ತನಕ, ನಾನು ಹೋದ ಮೇಲೂ. ಅವನನ್ನ ಇಲ್ಲಿಂದ ಏಳಿಸೋ ಗಂಡಸು ಹುಟ್ಟಿಲ್ಲ.”

“ಕ್ಲಿಫ್‌ಗೆ!” ಎಂದು ಇಡೀ ಕೋಣೆ ಗ್ಲಾಸು ಎತ್ತಿತು. ಟೋಪಿ ಹಾಕಿದ್ದವರು ಟೋಪಿ ತೆಗೆದರು. ಜಗ್ತಾರ್ ಸದ್ದಾಗದಂತೆ ಮೂಗೊರೆಸಿಕೊಂಡ.

ಲೊರೇನ್ ಒಬ್ಬೊಬ್ಬರ ಮುಖವನ್ನೂ ಬೆರಗಿನಿಂದ ನೋಡಿದಳು. “ಇಂಥ ಜನಾನ ನಾನು ಎಲ್ಲೂ ನೋಡಿಲ್ಲ,” ಎಂದು ಸಿರಿಲ್‌ನ ಕೈ ಹಿಡಿದು ಎರಡು ಸಲ ಕುಲುಕಿದಳು. ನಂತರ ಕಿಟಕಿಯ ಗಾಜನ್ನು ಮೇಲಕ್ಕೆ ಸರಿಸಿ, ಪಕ್ಕದ ಬೀದಿಯ ಕಡೆ ಬಗ್ಗಿ ಕೂಗಿದಳು.

“ಕ್ಲಿಫ್, ಕಾರಿಂದ ಇಳಿದು ಬಾ! ರಿಟೈರಾಗಿ ಒಂದೇ ವಾರಕ್ಕೆ ನನ್ನ ತಲೆ ತಿಂದಿದ್ದು ಸಾಕು, ನಾಳೆಯಿಂದ ಇವರು ಬಾಗಿಲು ತೆಗೆದಾಗಿಂದ ಹಾಕೋ ತನಕ ನೀನು ಇಲ್ಲೇ ಕೂರ್ತೀಯ!”