ಹೊರಗಿನ ಕೋಣೆಯ ಮೂರು ಅಪಾಯ

ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸುರಕ್ಷಾ ಅಧಿಕಾರಿಯಾಗಿದ್ದ ಗುರುಬಸಪ್ಪನವರು ನಿವೃತ್ತರಾದ ಮೇಲೆ ಹುಬ್ಬಳ್ಳಿಯಲ್ಲಿ ಸ್ವಂತ ಸುರಕ್ಷಾ ಸಲಹಾ ಕಚೇರಿ ತೆರೆದರು. ಸೋಮವಾರವೇ ಮೊದಲ ತಪಾಸಣೆಯಿತ್ತು, ಜೊತೆಗೊಬ್ಬರು ಬೇಕಿತ್ತು. ಸರ್ಟಿಫಿಕೇಟುಗಳನ್ನು ನಂಬದ ಅವರು ಸಂದರ್ಶನದ ದಿನ ಹೊರಗಿನ ಕೋಣೆಯಲ್ಲಿ ಬೇಕೆಂದೇ ಮೂರು ಅಪಾಯ ಸಿದ್ಧಮಾಡಿದರು. ನಡೆಯುವ ದಾರಿಗೆ ಅಡ್ಡಲಾಗಿ ವೈರು ಎಳೆದರು, ಬಾಗಿಲ ಬಳಿ ನೀರು ಚೆಲ್ಲಿದರು, ಕಪಾಟಿನ ತುದಿಯಲ್ಲಿ ಭಾರದ ಪೆಟ್ಟಿಗೆ ಇಟ್ಟರು.

ಮೊದಲು ಬಂದ ಮೂವರು ನೀರು ತುಳಿದು, ವೈರು ದಾಟಿ ಬಂದು ಕುಳಿತರು. ಏನಾದರೂ ಅಪಾಯ ಕಂಡಿತೇ ಎಂದು ಕೇಳಿದರೆ, “ಎಲ್ಲಾ ಚೊಲೋ ಐತ್ರಿ ಸರ್” ಎಂದರು.

ಕೊನೆಗೆ ಬಂದವಳು ನೀಲಾಂಬಿಕಾ.

“ನಮ್ಮ ಆಫೀಸಿನ್ಯಾಗ ಏನೇನು ಅಪಾಯ ಐತಿ, ಹೇಳವಾ.”

“ನಿಮ್ಮ ತಲಿ ಮ್ಯಾಲಿನ ಫ್ಯಾನ್ ಅಲಗಾಡಾಕತ್ತೈತ್ರಿ. ಬೆಂಕಿ ಆರ್ಸೋ ಸಿಲಿಂಡರಿನ ತಾರೀಖು ಮುಗದೈತ್ರಿ. ನೀವು ಕುಂತ ಕುರ್ಚಿ ಕಾಲು ಸೀಳು ಬಿಟ್ಟೈತ್ರಿ.”

ಗುರುಬಸಪ್ಪನವರು ಮೆಲ್ಲನೆ ಎದ್ದು ನಿಂತರು. ಆದರೂ ಪಟ್ಟು ಬಿಡಲಿಲ್ಲ.

“ಅದಿರ್ಲಿ. ಹೊರಗ ನಾ ಇಟ್ಟಿದ್ದ ಮೂರರಾಗ ಒಂದೂ ಕಾಣ್ಲಿಲ್ಲೇನು?”

“ಅವು ನೀವ ಇಟ್ಟಿದ್ದೇನ್ರಿ?” ಎಂದಳು ಅವಳು. “ನಾ ಒಳಗ ಬರೂಮುಂದನ ಎಲ್ಲಾ ಸರಿಮಾಡಿ ಬಂದೆ ನೋಡ್ರಿ.”