ಯಾರೂ ಸಿಗದ ಬೀಚು

ಅತ್ತೆ ಭಜನಾ ಮಂಡಳಿಯ ಹೆಂಗಸರ ಜೊತೆ ಯಾತ್ರೆಗೆ ಹೊರಟ ಮರುದಿನವೇ, ಗೆಳತಿಯ ಮದುವೆಯ ನೆಪ ಹೇಳಿ ಸೊಸೆಯರಿಬ್ಬರೂ ಮಂಗಳೂರಿಗೆ ಬಂದಿಳಿದರು. ಅತ್ತೆಯ ಮನೆಯಲ್ಲಿ ಸೀರೆ ಬಿಟ್ಟು ಬೇರೆ ಉಡುವ ಹಾಗಿರಲಿಲ್ಲ. ಇಲ್ಲಿ ಮಾತ್ರ ಚೂಡಿದಾರ ಹಾಕಿಕೊಂಡೇ ಸಮುದ್ರಕ್ಕೆ ಇಳಿಯುವುದೆಂದು ತೀರ್ಮಾನವಾಗಿತ್ತು.

“ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದ ನನ್ನ ಹಸಿರು ಚೂಡಿದಾರ ಸಿಗಲೇ ಇಲ್ಲ ಕಣೆ,” ಎಂದಳು ದೊಡ್ಡವಳು.

“ನನ್ನದೇ ಇನ್ನೊಂದಿದೆ, ಹಾಕ್ಕೋ ಅಕ್ಕ. ಈಗ ಹೇಳು, ಯಾವ ಬೀಚಿಗೆ ಹೋಗೋಣ? ಪಣಂಬೂರು?”

“ಬೇಡಮ್ಮ, ಅಲ್ಲಿ ನಮ್ಮೂರಿನ ಅರ್ಧ ಜನ ಸಿಗ್ತಾರೆ.”

“ಸೋಮೇಶ್ವರ?”

“ದೇವಸ್ಥಾನದ ಪಕ್ಕಾನಾ! ಅತ್ತೆಯ ಬಸ್ಸು ಅಲ್ಲಿಗೇ ಬಂದುಬಿಟ್ರೆ?”

ಇಬ್ಬರೂ ಲಾಡ್ಜಿನ ಹಾಸಿಗೆಯ ಮೇಲೆ ಉರುಳಾಡಿ ನಕ್ಕರು.

“ಹಾಗಾದ್ರೆ ತಣ್ಣೀರುಬಾವಿ,” ಎಂದಳು ಸಣ್ಣವಳು. “ದೋಣಿ ಹತ್ತಿ ಹೊಳೆ ದಾಟಬೇಕಂತೆ. ಅತ್ತೆ ಕೆರೆ ಏರಿ ಮೇಲೆ ನಡೆಯೋಕೇ ಹೆದರ್ತಾರೆ, ಇನ್ನು ದೋಣಿ ಹತ್ತುತ್ತಾರಾ!”

ಸಂಜೆ ದೋಣಿ ಇಳಿದವರೇ ಕೈಕೈ ಹಿಡಿದು ಓಡಿದರು. ಮೊದಲ ಅಲೆ ಮೊಣಕಾಲಿಗೆ ಬಡಿದಾಗ ಕಿರುಚಿದರು. ಎರಡನೆಯದಕ್ಕೆ ಮಗುಚಿ ಬಿದ್ದರು. ಮೂಗಿಗೆ ಉಪ್ಪುನೀರು ಹೊಕ್ಕರೂ ನಗು ನಿಲ್ಲಲಿಲ್ಲ.

ತುಸು ದೂರದಲ್ಲಿ ಆರೇಳು ಹೆಂಗಸರು ಸಾಲಾಗಿ ನಿಂತು, ಅಲೆ ಬಂದಾಗಲೆಲ್ಲ “ಗೋವಿಂದಾ!” ಎಂದು ಕೂಗಿ ಹಾರುತ್ತಿದ್ದರು. ಸಣ್ಣವಳ ನಗು ತಟ್ಟನೆ ನಿಂತಿತು.

“ಅಕ್ಕಾ, ನಡುವೆ ಇರೋರನ್ನ ನೋಡು. ಅವರೇ ಅಲ್ವಾ?”

“ಬೆನ್ನು ಮಾತ್ರ ಕಾಣ್ತಿದೆ ಕಣೆ,” ಎಂದಳು ದೊಡ್ಡವಳು, “ಆದ್ರೆ ಚೂಡಿದಾರ ನಂದೇ.”